ಎಕ್ಸ್-ರೇಗೆ ಸಿಗದ ಪೆಟ್ಟು: ಮಕ್ಕಳ ಬೆನ್ನುಹುರಿಯ ಬಗ್ಗೆ ನಾವು ತಿಳಿದಿರಬೇಕಾದದ್ದು



ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಪೇಟೆ ಧಾರಣೆ: ಈ ಪುಟಗಳಲ್ಲಿ ನಾವು ಬರೆಯುವುದು ಹೆಚ್ಚಾಗಿ ಇವುಗಳ ಬಗ್ಗೆಯೇ. ಈ ಸಲ ತೋಟದ ಬೆಳೆಯನ್ನು ಬದಿಗಿಟ್ಟು ಮನೆಯ ಮಕ್ಕಳ ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ಕಡೆಯ ಮಕ್ಕಳು ಬೆಳೆಯುವುದು ಮರ, ಏಣಿ, ಧರೆ, ಹೊಳೆಗುಂಡಿ, ಜೀಪುಗಳ ನಡುವೆ. ಬೀಳುವುದು, ಏಳುವುದು ಇದ್ದದ್ದೇ. ಆದರೆ ಬಿದ್ದು ಎದ್ದ ಮಗುವಿಗೆ ಏನೂ ಆಗಿಲ್ಲವೆಂದು ನಾವು ಎಷ್ಟು ಬೇಗ ತೀರ್ಮಾನಿಸುತ್ತೇವೆಂಬುದನ್ನು ಸ್ವಲ್ಪ ಯೋಚಿಸಬೇಕಾಗಿದೆ.

ಬೆನ್ನುಹುರಿ ಎಂದರೆ ಬೆನ್ನುಮೂಳೆಯ ಮಣಿಗಳ ಒಳಗೆ, ಮಿದುಳಿನಿಂದ ಸೊಂಟದವರೆಗೆ ಇಳಿದು ಬರುವ ನರಗಳ ಕಟ್ಟು. ಕೈಕಾಲು ಆಡುವುದು, ಚರ್ಮಕ್ಕೆ ಸ್ಪರ್ಶ ತಿಳಿಯುವುದು, ಮಲಮೂತ್ರದ ಹಿಡಿತ ಎಲ್ಲವೂ ಅದರ ಮೂಲಕವೇ. ಒಮ್ಮೆ ತೀವ್ರವಾಗಿ ಕೆಟ್ಟರೆ ಅದು ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಸುಮಾರು 3,600 ವರ್ಷ ಹಳೆಯ ಈಜಿಪ್ಟಿನ ವೈದ್ಯಗ್ರಂಥವೊಂದು ಇದನ್ನು ಚಿಕಿತ್ಸೆಗೆ ನಿಲುಕದ ಕಾಯಿಲೆಗಳ ಸಾಲಿಗೆ ಸೇರಿಸಿತ್ತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಪ್ರತ್ಯೇಕ ಘಟಕವನ್ನು ಆರಂಭಿಸಿದ ಮೇಲೆಯೇ ಇಂಥವರೂ ದೀರ್ಘಕಾಲ ಬದುಕಿ ದುಡಿಯಬಲ್ಲರೆಂಬ ನಂಬಿಕೆ ವೈದ್ಯಲೋಕದಲ್ಲಿ ಬೇರೂರಿತು. ಆದರೆ ಆ ತಿಳಿವಳಿಕೆಯೆಲ್ಲ ಬಹುಪಾಲು ಗಾಯಗೊಂಡ ಸೈನಿಕರಿಂದ, ಅಂದರೆ ವಯಸ್ಕರಿಂದ ಬಂದದ್ದು. ಮಕ್ಕಳ ಕಥೆ ಬೇರೆಯೇ ಎಂಬುದು ತಡವಾಗಿ ತಿಳಿಯಿತು.

24 ಮಕ್ಕಳು ಕಲಿಸಿದ ಪಾಠ

ಅಮೆರಿಕದ ಪಿಟ್ಸ್‌ಬರ್ಗಿನ ಡಾ. ಡಾಕ್ಲಿಂಗ್ ಪ್ಯಾಂಗ್ ಮತ್ತು ಡಾ. ಜೇಮ್ಸ್ ವಿಲ್ಬರ್ಗರ್ 1982ರಲ್ಲಿ 24 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಎಲ್ಲರಿಗೂ ಬೆನ್ನುಹುರಿಗೆ ಪೆಟ್ಟಾಗಿತ್ತು. ಆದರೆ ಎಕ್ಸ್-ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಮಣಿ ಸರಿದಿರಲಿಲ್ಲ. ಇನ್ನೂ ಗಾಬರಿಯ ಸಂಗತಿಯೆಂದರೆ, ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಪಾರ್ಶ್ವವಾಯು ಕಾಣಿಸಿಕೊಂಡದ್ದು ಬಿದ್ದ ತಕ್ಷಣ ಅಲ್ಲ. ಕೆಲವರಿಗೆ ನಾಲ್ಕು ದಿನದವರೆಗೂ ತಡವಾಗಿತ್ತು. ಹಾಗೆ ತಡವಾದವರಲ್ಲಿ ಬಹಳ ಮಂದಿಗೆ ಪೆಟ್ಟು ಬಿದ್ದ ಗಳಿಗೆಯಲ್ಲಿ ಕೈಕಾಲು ಜುಮ್ಮೆಂದದ್ದು, ಮರಗಟ್ಟಿದ್ದು, ಇಲ್ಲವೆ ಕ್ಷಣಹೊತ್ತು ಬಲ ಹೋದಂತಾದದ್ದು ನೆನಪಿತ್ತು. ಆ ಮಾತನ್ನು ಹಿಡಿದುಕೊಂಡು ಕೇಳಿದರೆ ಮಾತ್ರ ಮುನ್ಸೂಚನೆ ಸಿಗುತ್ತದೆ.

ಕಾರಣವೇನು? ಎಳೆಯ ಮಗುವಿನ ಬೆನ್ನುಮೂಳೆಯ ಕಟ್ಟು ಇನ್ನೂ ಮೆದು. ನವಜಾತ ಶಿಶುವಿನ ಬೆನ್ನುಮೂಳೆಯನ್ನು ಎಳೆದರೆ ಅದು ಸುಮಾರು 2 ಅಂಗುಲದಷ್ಟು ಹಿಗ್ಗಬಲ್ಲದು; ಒಳಗಿನ ಬೆನ್ನುಹುರಿಯಾದರೋ ಕಾಲು ಅಂಗುಲ ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ರಬ್ಬರ್ ಕೊಳವೆಯೊಳಗೆ ನೂಲು ಪೋಣಿಸಿ ಎಳೆದಂತೆ: ಕೊಳವೆ ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ, ನೂಲು ತುಂಡಾಗಿರುತ್ತದೆ. ಎಕ್ಸ್-ರೇ ತೋರಿಸುವುದು ಕೊಳವೆಯನ್ನು. ನೂಲನ್ನು ನೋಡಲು ಎಂ.ಆರ್.ಐ. ಬೇಕು. ದೇಹಕ್ಕೆ ಹೋಲಿಸಿದರೆ ಮಗುವಿನ ತಲೆ ದೊಡ್ಡದು, ಕತ್ತಿನ ಸ್ನಾಯು ಬಲಹೀನ. ಹೀಗಾಗಿ ಎಂಟು ವರ್ಷದೊಳಗಿನವರಿಗೆ ಪೆಟ್ಟು ಕತ್ತಿನ ಮೇಲ್ಭಾಗಕ್ಕೆ ಬೀಳುವುದು ಹೆಚ್ಚು, ಹಾನಿಯೂ ಹೆಚ್ಚು. ಹದಿಹರೆಯದವರ ಬೆನ್ನುಮೂಳೆ ದೊಡ್ಡವರದನ್ನೇ ಹೋಲುವುದರಿಂದ ಅವರಲ್ಲಿ ಮೂಳೆ ಮುರಿಯುವುದೇ ಸಾಮಾನ್ಯ. ಮರದಿಂದ ಬೀಳುವುದು, ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕುವುದು, ವಾಹನ ಅಪಘಾತ ಅದಕ್ಕೆ ದಾರಿ.

ಆದ್ದರಿಂದ ಮಗು ಕೈಕಾಲು ಜುಮ್ಮೆಂದಿತು ಎಂದರೆ ಎಕ್ಸ್-ರೇ ಸರಿಯಿದೆಯೆಂದು ಸುಮ್ಮನಾಗದೆ ವೈದ್ಯರಿಗೆ ಅದನ್ನು ಒತ್ತಿ ಹೇಳಿ, ಎಂ.ಆರ್.ಐ. ಬೇಕೇ ಎಂದು ವಿಚಾರಿಸಬೇಕು. ಇಂಥ ಗಾಯ ಖಚಿತವಾದರೆ 12 ವಾರದವರೆಗೆ ಪಟ್ಟಿ ಹಾಕಿಸುವುದು, ಆರು ತಿಂಗಳವರೆಗೆ ಹಾರುವ, ಹತ್ತುವ ಆಟ ಬಿಡಿಸುವುದು ವೈದ್ಯರ ಮಾರ್ಗಸೂಚಿಯಲ್ಲಿದೆ. ಸ್ವಲ್ಪದರಲ್ಲೇ ಪಾರಾದ ಮಕ್ಕಳು ಕೆಲವು ವಾರಗಳೊಳಗೆ ಮತ್ತೊಂದು ಚಿಕ್ಕ ಪೆಟ್ಟಿಗೆ ತುತ್ತಾಗಿ, ಎರಡನೆಯ ಸಲ ಹೆಚ್ಚಿನ ಹಾನಿ ಅನುಭವಿಸಿದ್ದುಂಟು.

ಎತ್ತುವ ಕ್ರಮ

ಬಿದ್ದ ಮಗುವನ್ನು ಗಾಬರಿಯಲ್ಲಿ ಬಾಚಿ ತಬ್ಬಿಕೊಂಡು, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಉಳಿದಿರುವ ಹುರಿಯೂ ಇದರಲ್ಲಿ ಕೆಡಬಹುದು. ಉಸಿರಾಟ ಸರಿಯಿದ್ದು, ಬೇರೆ ಅಪಾಯವಿಲ್ಲದಿದ್ದರೆ ಇದ್ದಲ್ಲೇ ಮಲಗಿಸಿ, ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದು, 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ಮೂರು ನಾಲ್ಕು ಮಂದಿ ಕೂಡಿ, ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ದಿಮ್ಮಿ ಉರುಳಿಸುವ ಹಾಗೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ತರಬೇಕು.

ಇಲ್ಲೂ ಮಕ್ಕಳಿಗೆ ಒಂದು ವಿಶೇಷವಿದೆ. ಅಮೆರಿಕದ ವೈದ್ಯರು 1989ರಲ್ಲಿ ಏಳು ವರ್ಷದೊಳಗಿನ 10 ಮಕ್ಕಳನ್ನು ಪರೀಕ್ಷಿಸಿ, ಚಪ್ಪಟೆ ಹಲಗೆಯ ಮೇಲೆ ಮಲಗಿಸಿದಾಗ ದೊಡ್ಡ ತಲೆಯಿಂದಾಗಿ ಕತ್ತು ಮುಂದಕ್ಕೆ ಬಾಗುತ್ತದೆಂದು ತೋರಿಸಿದರು. ಅದಕ್ಕೇ ಚಿಕ್ಕ ಮಕ್ಕಳಿಗೆ ತಲೆದಿಂಬು ಕೊಡಬಾರದು. ಬದಲು ಭುಜ ಮತ್ತು ಬೆನ್ನಿನ ಅಡಿಗೆ ಮಡಿಸಿದ ಕಂಬಳಿ ಹಾಸಿ ಕತ್ತು ನೇರವಾಗಿಸಬೇಕು. ಖರ್ಚಿಲ್ಲದ ಈ ಉಪಾಯ ಪ್ರತಿ ಮನೆಗೂ ತಿಳಿದಿರಲಿ.

ಔಷಧಿಯ ಆಸೆ

1990ರಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಗಾಯವಾದ ಎಂಟು ಗಂಟೆಯೊಳಗೆ ಕೊಟ್ಟರೆ ಗುಣವಿದೆಯೆಂಬ ವರದಿ ಬಂದು ಲೋಕವೆಲ್ಲ ಅದನ್ನು ಬಳಸಿತು. ಆ ಪ್ರಯೋಗದಲ್ಲಿ 13 ವರ್ಷದೊಳಗಿನವರನ್ನು ಸೇರಿಸಿಯೇ ಇರಲಿಲ್ಲ! ಮುಂದೆ ದೊಡ್ಡವರಲ್ಲೂ ಅಡ್ಡಪರಿಣಾಮಗಳು ಕಂಡುಬಂದು, 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿ ಅದು ಬೇಡವೆಂದಿತು.

ಇಂದು ಆಸೆ ತೋರಿಸುವ ಹೆಸರು ಸ್ಟೆಮ್ ಸೆಲ್. ಮಗುವಿಗಾಗಿ ತೋಟ ಅಡವಿಟ್ಟಾದರೂ ಸರಿ ಎನ್ನುವ ತಂದೆತಾಯಿಯ ಸಂಕಟ ನಮಗೆ ಗೊತ್ತಿದೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ಲನ್ನು ಅಂಗೀಕೃತ ಪ್ರಯೋಗದ ಹೊರಗೆ ಬಳಸುವಂತಿಲ್ಲ. ಹಣ ಕಟ್ಟಿಸಿಕೊಂಡು ನಡೆಸಿಕೊಡುತ್ತೇವೆನ್ನುವವರ ಮಾತಿಗೆ ಅಡಮಾನ ಪತ್ರಕ್ಕೆ ಸಹಿ ಹಾಕುವ ಮೊದಲು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ.

ಹಣ ಉಳಿಸಬೇಕಾದದ್ದು ದೀರ್ಘಕಾಲದ ಆರೈಕೆಗೆ. ಮೂತ್ರದ ಹಿಡಿತ ತಪ್ಪಿದವರು ಹಿಂದೆ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದರು. 1972ರಲ್ಲಿ ಡಾ. ಜ್ಯಾಕ್ ಲ್ಯಾಪಿಡಿಸ್ ದಿನಕ್ಕೆ ಹಲವು ಬಾರಿ ಶುದ್ಧ ನಳಿಕೆಯಿಂದ ತಾವೇ ಮೂತ್ರ ತೆಗೆದುಕೊಳ್ಳುವ ಸರಳ ಕ್ರಮವನ್ನು ಬಳಕೆಗೆ ತಂದರು. ಶಾಲೆಗೆ ಹೋಗುವ ಮಕ್ಕಳೂ ಇದನ್ನು ಕಲಿಯಬಲ್ಲರು. ಸ್ಪರ್ಶ ತಿಳಿಯದ ಕಾಲು ಬಚ್ಚಲೊಲೆಯ ಬಳಿಯೋ, ಬಿಸಿಲಿಗೆ ಕಾದ ಕಣದ ಸಿಮೆಂಟಿನ ಮೇಲೋ ಸುಟ್ಟರೂ ಮಗುವಿಗೆ ಗೊತ್ತಾಗುವುದಿಲ್ಲ; ದಿನವೂ ಚರ್ಮ ನೋಡಬೇಕು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರಬೇಕು. ಬೆಳೆಯುವ ವಯಸ್ಸಿಗೆ ಮುಂಚೆ ಪಾರ್ಶ್ವವಾಯು ಬಡಿದ ಬಹುತೇಕ ಮಕ್ಕಳಿಗೆ ಬೆನ್ನು ಪಕ್ಕಕ್ಕೆ ಡೊಂಕಾಗುತ್ತದೆ, ದೊಡ್ಡವರಲ್ಲಿ ಇಷ್ಟಿಲ್ಲ. ಬೆಳವಣಿಗೆ ನಿಲ್ಲುವವರೆಗೂ ಮೂಳೆ ವೈದ್ಯರ ಕಣ್ಣಿನಲ್ಲಿರಬೇಕು.

ಎಳೆಯ ನರಮಂಡಲಕ್ಕೆ ಒಂದು ಅನುಕೂಲವೂ ಇದೆ. ಕತ್ತಿನ ಹುರಿಗೆ ಭಾಗಶಃ ಗಾಯವಾಗಿ ನಡೆಯಲಾರದ ನಾಲ್ಕೂವರೆ ವರ್ಷದ ಬಾಲಕನೊಬ್ಬ, ಟ್ರೆಡ್‌ಮಿಲ್ ಮೇಲೆ ಪದೇಪದೇ ನಡೆಸಿ ಅಭ್ಯಾಸ ಮಾಡಿಸಿದಾಗ ವಾಕರ್ ಹಿಡಿದು ನಡೆಯತೊಡಗಿದನೆಂದು ಅಮೆರಿಕದ ಡಾ. ಆಂಡ್ರಿಯಾ ಬೆರ್‌ಮನ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೂ ವ್ಯಾಯಾಮ ಚಿಕಿತ್ಸೆಯನ್ನು ನಡುವೆ ಬಿಡಬಾರದೆಂಬುದಕ್ಕೆ ಇದು ಸಾಕ್ಷಿ.

ನಡಿಗೆ ಬಾರದಿದ್ದರೂ ಬದುಕು ಉಂಟು. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಆರಂಭವಾದದ್ದು ಅವರ ಶ್ರಮದಿಂದ. ನಮ್ಮ ಮಗುವಿಗೂ ಶಾಲೆಯ ಮೆಟ್ಟಿಲಿಗೆ ಒಂದು ಇಳಿಜಾರು ದಾರಿ ಸಿಕ್ಕರೆ ಓದು ನಿಲ್ಲಬೇಕಾಗಿಲ್ಲ.

ಕೊನೆಯದಾಗಿ ಒಂದು ಸೂಚನೆ. ಹಂಗಾಮಿನಲ್ಲಿ ಹದಿಹರೆಯದ ಹುಡುಗರನ್ನು ಅಡಿಕೆ ಮರಕ್ಕೋ ಮೆಣಸಿನ ಏಣಿಗೋ ಹತ್ತಿಸಬೇಡಿ. ಆಳು ಸಿಗದ ಕಷ್ಟ ನಮಗೂ ಇದೆ, ಆದರೂ ಬೇಡ. ಸಂಘದ ಗೋದಾಮಿನಲ್ಲಿ ಬೆಲ್ಟ್ ಸಹಿತವಾದ ಒಂದು ಸಾಗಣೆ ಹಲಗೆ ಮತ್ತು ಕಂಬಳಿ ಇಡುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ತರಲಿದ್ದೇವೆ. ಎತ್ತುವ ಕ್ರಮ ಕಲಿಯಲು ಪ್ರತಿ ಊರಿನಿಂದ ಇಬ್ಬರು ಯುವಕ ಯುವತಿಯರು ಹೆಸರು ಕೊಡಬೇಕಾಗಿ ಕೋರುತ್ತೇವೆ.

– ಕಾರ್ಯದರ್ಶಿ