ಭವಿಷ್ಯಪುರಾಣದ ಮಹಾಮದ

ನಮ್ಮ ಚಾಳಿನ ಕೆಳಗಿನ ಮಹಡಿಯ ಮುಸಲ್ಮಾನ ಮಿತ್ರರೊಬ್ಬರು ಮೊನ್ನೆ ಒಂದು ಕಿರುಹೊತ್ತಗೆಯನ್ನು ಕೈಗಿತ್ತು, "ರಾಯರೆ, ನಮ್ಮ ಪೈಗಂಬರರ ಹೆಸರು ನಿಮ್ಮ ಪುರಾಣದಲ್ಲೇ ಇದೆಯಂತಲ್ಲ, ನೋಡಿ ಹೇಳಿ" ಎಂದರು. ಅವರ ಮುಖದಲ್ಲಿದ್ದುದು ವಾದದ ಹುರುಪಲ್ಲ, ಹೊಸ ನಂಟು ಸಿಕ್ಕಿದ ಸಂತೋಷ. ಉತ್ತರ ಕಷ್ಟವಾದುದು ಅದಕ್ಕೇ.

ಈ ಹುಡುಕಾಟ ಹಳೆಯದು. ತನ್ನ ಅನಂತರ ಅಹಮದನೆಂಬ ದೂತನು ಬರುವನೆಂದು ಯೇಸುವೇ ತಿಳಿಸಿದನೆಂಬ ಮಾತು ಕುರಾನಿನ 61ನೆಯ ಅಧ್ಯಾಯದಲ್ಲಿದೆ. ಯೋಹಾನನ ಸುವಾರ್ತೆಯಲ್ಲಿ ಸಹಾಯಕನೆಂಬ ಅರ್ಥದ 'ಪಾರಾಕ್ಲೇತೋಸ್' ಎಂಬ ಗ್ರೀಕ್ ಶಬ್ದ ಬರುತ್ತದೆ. ಅದು ಮೊದಲು 'ಪೆರಿಕ್ಲುತೋಸ್', ಎಂದರೆ ಕೀರ್ತಿವಂತ, ಎಂದಿತ್ತೆಂಬುದು ಕೆಲವರ ವಾದ. ಆದರೆ ಪೈಗಂಬರರ ಜನನಕ್ಕೆ ಎರಡು ಶತಮಾನ ಹಿಂದಿನ ಹಸ್ತಪ್ರತಿಯಲ್ಲೂ ಮೊದಲಿನ ಶಬ್ದವೇ ಇದೆ.

ಇನ್ನು ನಮ್ಮ ಪುರಾಣ. ಅದರ ಪ್ರತಿಸರ್ಗಪರ್ವದಲ್ಲಿ ಭೋಜರಾಜನು ದಿಗ್ವಿಜಯಕ್ಕೆ ಹೊರಟು ಮರುಭೂಮಿಯಲ್ಲಿ ಮಹಾಮದನೆಂಬ ಮ್ಲೇಚ್ಛಾಚಾರ್ಯನನ್ನು ಶಿಷ್ಯರೊಡನೆ ಕಾಣುತ್ತಾನೆ. ಹೊತ್ತಗೆ ಇಲ್ಲಿಗೇ ನಿಲ್ಲುತ್ತದೆ. ಮುಂದಿನ ಶ್ಲೋಕಗಳಲ್ಲಿ ಶಿವನು, ತಾನು ಸುಟ್ಟ ತ್ರಿಪುರಾಸುರನೇ ಹೀಗೆ ಮತ್ತೆ ಬಂದಿದ್ದಾನೆಂದು ಹೇಳಿ ರಾಜನನ್ನು ಎಚ್ಚರಿಸುತ್ತಾನೆ. ಇದು ಹೊಗಳಿಕೆಯಲ್ಲ, ಬೈಗುಳ. ಇದೇ ಉಳಿದರ್ಧವನ್ನು ಹಿಡಿದು ನೆರೆಯವರನ್ನು ಹಳಿಯುವ ಹಿಂದೂಗಳೂ ಉಂಟು. ಅವರೂ ಇದನ್ನು ವ್ಯಾಸರ ವಾಣಿಯೆಂದೇ ನಂಬಿದವರು!

ಕಾಲವನ್ನಾದರೂ ನೋಡಬೇಡವೆ? ಪೈಗಂಬರರು ತೀರಿಕೊಂಡುದು 632ರಲ್ಲಿ. ಇತಿಹಾಸದ ಧಾರಾನಗರದ ಭೋಜ 11ನೆಯ ಶತಮಾನದವನು. ಪುರಾಣದ ಭೋಜನ ಸಂಗಡ ಕಾಳಿದಾಸನೂ ನಡೆದಿದ್ದಾನೆ! ಇದೇ ಪರ್ವದಲ್ಲಿ ಅಕ್ಬರನು ಹಿಂದಿನ ಜನ್ಮದಲ್ಲಿ ಮುಕುಂದನೆಂಬ ಬ್ರಾಹ್ಮಣ. ರವಿವಾರಕ್ಕೆ 'ಸಂಡೆ', ಫಾಲ್ಗುಣಕ್ಕೆ 'ಫರ್ವರಿ' ಎಂಬ ಮಾತುಗಳಿವೆ. ಕಲಕತ್ತೆಯೂ ಇಂಗ್ಲಿಷರ ರಾಣಿಯೂ ಬರುತ್ತಾರೆ. ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯ ಇದನ್ನು ಅಚ್ಚು ಹಾಕಿದ್ದು 1897ರಲ್ಲಿ. ಭವಿಷ್ಯಪುರಾಣವೆಂಬ ಹೆಸರು ಬಹು ಪ್ರಾಚೀನ, ಆಪಸ್ತಂಬ ಧರ್ಮಸೂತ್ರವೇ ಅದನ್ನು ಹೇಳುತ್ತದೆ. ಆದರೆ ಆ ಹೆಸರಿನ ಚೀಲದೊಳಕ್ಕೆ ಆಯಾ ಕಾಲದವರು ತಮಗೆ ತಿಳಿದುದನ್ನೆಲ್ಲ ಸೇರಿಸುತ್ತ ಬಂದಿದ್ದಾರೆ. ನಡೆದುಹೋದುದನ್ನು 'ಮುಂದೆ ನಡೆಯುವುದು' ಎಂದು ಬರೆಯಲು ಋಷಿಯೇ ಆಗಬೇಕಿಲ್ಲ.

ಸಂಜೆ ಮಿತ್ರರಿಗೆ ಶ್ಲೋಕಗಳ ಅರ್ಥವನ್ನು ಪೂರ್ತಿ ಹೇಳಿದೆ, ಬೈಗುಳವನ್ನು ಮರೆಮಾಚಲಿಲ್ಲ. ಕೊಂಚ ಹೊತ್ತು ಸುಮ್ಮನಿದ್ದು, "ಇದನ್ನು ಬರೆದವರು ಮುಂದಿನ ಪುಟ ಓದಿರಲಿಲ್ಲವೇನೋ" ಎಂದರು.

"ಓದಿಯೂ ಇರಬಹುದು" ಎಂದೆ.

ಹೊತ್ತಗೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಅಷ್ಟರಲ್ಲಿ ಒಳಗಿನಿಂದ ಚಹಾ ಬಂತು.