ಒಲೆಯ ಗಾಜು ಕಪ್ಪಾಗುವುದೇಕೆ?

ಲಾಟೀನಿನ ಬತ್ತಿಯನ್ನು ಅತಿಯಾಗಿ ಏರಿಸಿದರೆ ಅದರ ಗಾಜು ಕ್ಷಣಮಾತ್ರದಲ್ಲಿ ಮಸಿ ಹಿಡಿಯುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ನಾರ್ವೆ, ಸ್ವೀಡನ್, ಕೆನಡಾ ಮೊದಲಾದ ಶೀತದೇಶಗಳಲ್ಲಿ ಇದೇ ಸಮಸ್ಯೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಎದುರಾಗುತ್ತದೆ. ಅಲ್ಲಿ ಅನೇಕ ಮನೆಗಳಲ್ಲಿ ಕೋಣೆಯನ್ನು ಬೆಚ್ಚಗಿಡಲು ಸೌದೆಯ ಒಲೆಗಳುಂಟು. ಇವು ನಮ್ಮ ಅಡಿಗೆಯ ಒಲೆಗಳಂತಲ್ಲ. ಎರಕದ ಕಬ್ಬಿಣದ ಇಲ್ಲವೆ ಉಕ್ಕಿನ ಪೆಟ್ಟಿಗೆ, ಮೇಲೊಂದು ಹೊಗೆಕೊಳವೆ, ಮುಂದೆ ಗಾಜಿನ ಬಾಗಿಲು. ಸೌದೆ ರಾತ್ರಿಯೆಲ್ಲ ಸಾಲಲೆಂದು ಗಾಳಿಯ ಕಿಂಡಿಯನ್ನು ಮುಚ್ಚಿ ಮಲಗಿದವನು ಬೆಳಗ್ಗೆ ಎದ್ದು ನೋಡಿದರೆ ಗಾಜು ಕಾಡಿಗೆಯಂತಾಗಿರುತ್ತದೆ. ಆತ ಗಾಜನ್ನು ದೂರುತ್ತಾನೆ. ದೋಷವಿರುವುದು ಬೆಂಕಿಯಲ್ಲಿ.

ಕಟ್ಟಿಗೆ ಹಾಗೆಯೇ ನೇರವಾಗಿ ಉರಿಯುವ ವಸ್ತುವಲ್ಲ. ಕಾಯುವಾಗ ಮೊದಲು ಅದರ ನೀರು ಆವಿಯಾಗಿ ಹೊರಡುತ್ತದೆ. ಉಷ್ಣತೆ 200–300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ವಿಭಜನೆ ಹೊಂದಿ, ಅನಿಲಗಳನ್ನೂ ಡಾಮರಿನಂಥ ದ್ರವಗಳ ಆವಿಯನ್ನೂ ಹೊರಬಿಡುತ್ತದೆ. ಒಣಕಟ್ಟಿಗೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲಾದರೂ ಹೀಗೆ ಅನಿಲರೂಪ ತಾಳುತ್ತದೆ. ಉಳಿದ ಇದ್ದಲು ಮಾತ್ರ ಕೆಂಡವಾಗಿ ಉರಿಯುತ್ತದೆ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಅನಿಲಗಳಲ್ಲಿಯೇ ಅಡಗಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್‌ಮಸ್ ಉಪನ್ಯಾಸಮಾಲೆಯಲ್ಲಿ ಮೈಕೇಲ್ ಫ್ಯಾರಡೆಯು, ಆಗತಾನೆ ಆರಿಸಿದ ಮೇಣದ ಬತ್ತಿಯಿಂದ ಏಳುವ ಎಳೆಗೆ ಉರಿಯನ್ನು ಸೋಕಿಸಿ, ಅದು ಎಳೆಯುದ್ದಕ್ಕೂ ಹರಿದು ಬತ್ತಿಯನ್ನು ಮುಟ್ಟುವುದನ್ನು ತೋರಿಸಿದನು. ಊದುಗೊಳವೆಯಿಂದ ಊದಿದೊಡನೆ ಹೊಗೆ ಮಾಯವಾಗಿ ಜ್ವಾಲೆ ಏಳುವುದನ್ನು ಬಲ್ಲ ನಮ್ಮ ಅಜ್ಜಿಯರಿಗೆ ಇದು ಅಚ್ಚರಿಯೆನಿಸಲಾರದು.

ಈ ಅನಿಲಗಳು ಚೆನ್ನಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಉಷ್ಣತೆಯೂ ಸಾಕಷ್ಟು ಆಮ್ಲಜನಕವೂ ಬೇಕು. ಕಿಂಡಿಯನ್ನು ಮುಚ್ಚಿದಾಗ ಎರಡೂ ತಪ್ಪುತ್ತವೆ. ಉರಿಯದ ಆವಿಯೂ ಇಂಗಾಲದ ಕಣಗಳೂ ತಣ್ಣಗಾದ ಗಾಜಿನ ಮೇಲೆ ಕುಳಿತುಕೊಳ್ಳುತ್ತವೆ. ಸೌದೆ ಉಳಿಸಿದೆನೆಂದು ಭಾವಿಸಿದವನು ಅದರ ಸತ್ತ್ವವನ್ನೇ ಹೊಗೆಕೊಳವೆಗೆ ಕಳುಹಿಸಿರುತ್ತಾನೆ! ಗಾಜಿಗೆ ಹತ್ತಿದ್ದು ಒರೆಸಿದರೆ ಹೋದೀತು; ಕೊಳವೆಯೊಳಗೆ ಪದರ ಕಟ್ಟಿದ ಇದೇ ಅಂಟು ಮುಂದೊಂದು ದಿನ ಹೊತ್ತಿಕೊಂಡು ಮನೆಯನ್ನೇ ಸುಟ್ಟದ್ದುಂಟು. ಅಪೂರ್ಣ ದಹನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಂತೂ ಬಣ್ಣ, ವಾಸನೆಗಳಿಲ್ಲದ ವಿಷ. ಕೊಳವೆ ಕಟ್ಟಿಕೊಂಡರೆ ಅದು ಮಲಗುವ ಕೋಣೆಗೇ ಹಿಂದಿರುಗೀತು.

ಹಸಿ ಸೌದೆಯು ಇದೇ ಕೇಡನ್ನು ಇನ್ನೊಂದು ದಾರಿಯಿಂದ ತರುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. ಕುದಿಯುವ ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೂಲ್ ಶಾಖ ವ್ಯಯವಾಗುತ್ತದೆ. ಅಲ್ಲಿಯವರೆಗೆ ಉರಿ ಮೇಲೇಳದು. ಆದುದರಿಂದ ಸೌದೆಯನ್ನು ಸೀಳಿ, ಗಾಳಿಯಾಡುವಂತೆ ಒಟ್ಟಿ, ಒಂದೆರಡು ಬೇಸಗೆ ಒಣಗಿಸಿ, ತೇವವನ್ನು ಶೇಕಡ 20ಕ್ಕಿಂತ ಕೆಳಗಿಳಿಸುತ್ತಾರೆ.

ಇಷ್ಟು ಶಾಖವನ್ನು ತಾಳುವ ಬಾಗಿಲ ಗಾಜೂ ಸಾಮಾನ್ಯವಾದುದಲ್ಲ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದ ಗಾಜಿನ ತುಂಡು ಕುಲುಮೆ ಕೆಟ್ಟದ್ದರಿಂದ 900 ಡಿಗ್ರಿಯಷ್ಟು ಕಾದಿತು. ಕರಗಿರಬೇಕಾಗಿದ್ದ ಗಾಜು ಬೆಳ್ಳಗೆ ಗಟ್ಟಿಯಾಗಿತ್ತು. ಇಕ್ಕಳದಿಂದ ಜಾರಿ ಬಿದ್ದರೂ ಒಡೆಯಲಿಲ್ಲ. ಅದರೊಳಗೆ ಸೂಕ್ಷ್ಮ ಹರಳುಗಳು ಹುಟ್ಟಿದ್ದವು. ಅದೇ ವಂಶದ ಪಾರದರ್ಶಕ ಪದಾರ್ಥವೇ ಇಂದಿನ ಒಲೆಗಳ ಬಾಗಿಲಲ್ಲಿದೆ. ಕಾದಾಗ ಅದು ಹಿಗ್ಗುವುದು ಇಲ್ಲವೆಂಬಷ್ಟು ಅಲ್ಪವಾದುದರಿಂದ ಬಿರಿಯುವುದಿಲ್ಲ.

ಈಗಿನ ಅನೇಕ ಒಲೆಗಳಲ್ಲಿ ಕಾದ ಗಾಳಿಯನ್ನು ಬಾಗಿಲ ಮೇಲಂಚಿನಿಂದ ಗಾಜಿನ ಒಳಮೈಗುಂಟ ಕೆಳಕ್ಕೆ ಹರಿಸುವ ಏರ್ಪಾಡೂ ಉಂಟು. ತೆರೆಯಂತೆ ಇಳಿಯುವ ಈ ಗಾಳಿ ಹೊಗೆಯನ್ನು ದೂರವಿರಿಸಿ, ಅನಂತರ ಜ್ವಾಲೆಗೆ ಆಮ್ಲಜನಕವನ್ನೂ ಒದಗಿಸುತ್ತದೆ. ಅಷ್ಟಾಗಿಯೂ ಗಾಜು ಮಸುಕಾದರೆ, ಒಲೆ ಪೂರ್ತಿ ತಣಿದ ಮೇಲೆ ಒದ್ದೆ ಕಾಗದವನ್ನು ನಯವಾದ ಬೂದಿಯಲ್ಲಿ ಅದ್ದಿ ಉಜ್ಜುತ್ತಾರೆ. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರಗುಣವುಳ್ಳದ್ದು; ಅಂಟನ್ನು ಬಿಡಿಸುತ್ತದೆ. ನಮ್ಮ ಮನೆಗಳಲ್ಲಿ ಬೂದಿಯಿಂದ ಜಿಡ್ಡಿನ ಪಾತ್ರೆ ತಿಕ್ಕುತ್ತಿದ್ದುದೂ ಈ ಗುಣದ ಬಲದಿಂದಲೇ. ಬೂದಿಯಲ್ಲಿ ಮರಳಿನ ಕಣವಿದ್ದರೆ ಮಾತ್ರ ಗಾಜಿಗೆ ಗೀರು ಬೀಳುತ್ತದೆ.