ಕಣ್ಣೀರು ಒರೆಸುವ ಕೈಗಳಿಗೆ ಕಾನೂನಿನ ಮನ್ನಣೆ



ಆಯುರ್ವೇದವು ರೋಗಗಳನ್ನು ನಿಜ ಮತ್ತು ಆಗಂತು ಎಂದು ವಿಂಗಡಿಸುತ್ತದೆ. ವಾತ, ಪಿತ್ತ, ಕಫಗಳ ವೈಷಮ್ಯದಿಂದ ದೇಹದೊಳಗೆ ಹುಟ್ಟುವುದು ನಿಜ. ಪೆಟ್ಟು, ವಿಷ ಮೊದಲಾದ ಹೊರಗಿನ ಕಾರಣಗಳಿಂದ ಬರುವುದು ಆಗಂತು. ಎರಡರ ಚಿಕಿತ್ಸೆಯಲ್ಲಿಯೂ ಮುಖ್ಯವಾದುದು ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರಮಾಡುವುದು. ಆ ಕಾರಣವು ಮನೆಯೊಳಗೇ, ಕೈಹಿಡಿದವನ ರೂಪದಲ್ಲೇ ಇದ್ದರೆ ವೈದ್ಯನಾದವನು ಏನು ಮಾಡಬೇಕು?

ಬಹಳ ವರ್ಷಗಳ ಹಿಂದೆ ಲಕ್ಷ್ಮೇಶ್ವರದ ಕಡೆಯ ತಾಯಿಯೊಬ್ಬಳು ಒಂದೇ ವರ್ಷದಲ್ಲಿ ಮೂರು ಸಲ ನನ್ನ ಚಿಕಿತ್ಸಾಲಯಕ್ಕೆ ಬಂದಳು. “ಬಚ್ಚಲದಾಗ ಜಾರಿ ಬಿದ್ದೀನ್ರಿ ಡಾಕ್ಟರ್ರ” ಎಂಬುದೇ ಮೂರು ಸಲವೂ ಆಕೆಯ ಉತ್ತರ. ಜಾರಿ ಬಿದ್ದವರ ತೋಳಿನ ಒಳಭಾಗದಲ್ಲಿ ಬೆರಳಿನ ಗುರುತುಗಳು ಮೂಡುವುದಿಲ್ಲ. ಅದು ನನಗೆ ಕಂಡಿತ್ತು. ಆದರೂ ಅವರ ಮನೆಯ ವಿಷಯವೆಂದುಕೊಂಡು, ನೋವಿಗೆ ತೈಲ ಕೊಟ್ಟು, ದಾಖಲೆ ಪುಸ್ತಕದಲ್ಲಿ ‘ಜಾರಿ ಬಿದ್ದದ್ದು’ ಎಂದು ಬರೆದು ಕಳುಹಿಸಿದೆ. ಮುಂದೆ ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಆಕೆಯ ವಕೀಲರು ನನ್ನ ದಾಖಲೆ ಕೇಳಿಕೊಂಡು ಬಂದರು. ಪುಟ ತೆರೆದು ಓದಿದರು. ಏನನ್ನೂ ಹೇಳದೆ ಹೊರಟುಹೋದರು. ನಾನು ಬರೆದದ್ದನ್ನು ತಿದ್ದುವಂತಿರಲಿಲ್ಲ. ಆ ಎರಡು ಶಬ್ದಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಇದು ಒಂದೆರಡು ಮನೆಗಳ ಮಾತಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಿದ್ರಾನಾಶ, ಎದೆಬಡಿತ, ತಲೆಶೂಲೆ, ಅಜೀರ್ಣ ಎಂದು ನಮ್ಮ ಬಳಿ ಬರುವ ಎಷ್ಟೋ ತಾಯಂದಿರ ರೋಗದ ಮೂಲ ಇಲ್ಲಿಯೇ ಇರುತ್ತದೆ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ-2005 ದೈಹಿಕ ಹಿಂಸೆಯನ್ನಷ್ಟೇ ಅಲ್ಲ, ಲೈಂಗಿಕ, ಮಾತಿನ, ಮಾನಸಿಕ ಹಾಗೂ ಆರ್ಥಿಕ ಹಿಂಸೆಯನ್ನೂ ಗುರುತಿಸುತ್ತದೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳ ಹೊಣೆ ಹೊತ್ತ ಒಬ್ಬ ಅಧಿಕಾರಿಯು ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಪ್ರತಿ ಹಳ್ಳಿಯ ಪ್ರತಿ ಮನೆಯ ಕದ ತಟ್ಟಲಾರರು. ಆದ್ದರಿಂದಲೇ ಕಾಯ್ದೆಯ 10ನೆಯ ಕಲಮು ಸ್ವಯಂಸೇವಾ ಸಂಸ್ಥೆಗಳಿಗೆ ‘ಸೇವಾದಾರ’ರೆಂಬ ಅಧಿಕೃತ ಮನ್ನಣೆ ನೀಡುತ್ತದೆ.

ಈ ಮನ್ನಣೆ ಗೋಡೆಗೆ ತೂಗುಹಾಕುವ ಪ್ರಶಸ್ತಿಪತ್ರವಲ್ಲ. ಮನ್ನಣೆ ಪಡೆದ ಸಂಸ್ಥೆಯು ನೊಂದ ಮಹಿಳೆ ಬಯಸಿದರೆ ‘ಕೌಟುಂಬಿಕ ಘಟನಾ ವರದಿ’ಯನ್ನು ನಿಗದಿತ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳುಹಿಸಬಹುದು. ಆಕೆಯ ವೈದ್ಯಕೀಯ ತಪಾಸಣೆ ಮಾಡಿಸಿ, ಅದರ ವರದಿಯನ್ನು ಸಂರಕ್ಷಣಾಧಿಕಾರಿಗೂ ಪೊಲೀಸ್ ಠಾಣೆಗೂ ತಲುಪಿಸಬಹುದು; ಆಶ್ರಯಧಾಮಕ್ಕೆ ಸೇರಿಸಬಹುದು. ಈ ಕಾರ್ಯದಲ್ಲಿ ತೊಡಗಿರುವಾಗ ಸಂಸ್ಥೆಯ ಸದಸ್ಯರನ್ನು ಕಾನೂನು ಸಾರ್ವಜನಿಕ ನೌಕರರೆಂದೇ ಪರಿಗಣಿಸುತ್ತದೆ. ಸದ್ಭಾವನೆಯಿಂದ ಮಾಡಿದ ಕೆಲಸಕ್ಕಾಗಿ ಅವರ ಮೇಲೆ ದಾವೆ ಹೂಡುವಂತಿಲ್ಲ. ಓಣಿಯ ಹಿರಿಯಳೊಬ್ಬಳು ಸಂತೈಸಿ ಹೇಳುವ ಮಾತಿಗೂ ಈ ವರದಿಗೂ ಇರುವ ಅಂತರ ಇದೇ: ಗಾಯ ಮಾದ ಮೇಲೂ ಬರಹ ಉಳಿಯುತ್ತದೆ.

ನೋಂದಣಿಗೆ ಅರ್ಹತೆ ಏನು? ಸಂಸ್ಥೆಯು ಕಾನೂನುಬದ್ಧವಾಗಿ ನೋಂದಣಿಯಾಗಿರಬೇಕು. ಮಹಿಳೆಯರ ಹಕ್ಕು ಮತ್ತು ಹಿತರಕ್ಷಣೆ ಅದರ ಧ್ಯೇಯವಾಗಿರಬೇಕು. ಅರ್ಜಿಗೆ ಮೊದಲು ಕನಿಷ್ಠ 3 ವರ್ಷ ಇಂಥ ಸೇವೆ ಸಲ್ಲಿಸಿರಬೇಕು. 2006ರ ನಿಯಮಗಳ 6ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರೆ ಸರ್ಕಾರವು ವಿಚಾರಣೆ ನಡೆಸಿ ಪ್ರಮಾಣಪತ್ರ ನೀಡುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಈ ಕುರಿತು ವಿಚಾರಿಸಬಹುದು.

“ಇಂಥ ಸಂಸ್ಥೆಗಳು ಮನೆ ಒಡೆಯುತ್ತವೆ” ಎಂದು ಕೆಲವು ಹಿರಿಯರು ಶಂಕಿಸುತ್ತಾರೆ. ಈ ಕಾಯ್ದೆಯಲ್ಲಿ ಹೆಣ್ಣುಮಗಳು ಮುಖ್ಯವಾಗಿ ಕೇಳುವುದು ರಕ್ಷಣೆ, ಜೀವನಾಂಶ ಮತ್ತು ತಾನಿದ್ದ ಮನೆಯಲ್ಲಿಯೇ ವಾಸಿಸುವ ಹಕ್ಕು. ಮನೆಯನ್ನು ಒಡೆಯುವುದು ಹೊಡೆತವೇ ಹೊರತು ಆ ಹೊಡೆತವನ್ನು ಬರೆದಿಡುವವರಲ್ಲ.

ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ನಮ್ಮ ಊರುಗಳಲ್ಲಿ ಅಕ್ಕನ ಬಳಗಗಳಿವೆ, ಸ್ತ್ರೀಶಕ್ತಿ ಗುಂಪುಗಳಿವೆ. ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಮೂಲೆಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುವ ಸೊಸೆ ಯಾರೆಂದು ಬಳಗದ ತಾಯಂದಿರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವರಲ್ಲಿ ಕೆಲವರಾದರೂ ಸಂಸ್ಥೆ ಕಟ್ಟಿ, ಸೇವೆಯ ಲೆಕ್ಕಪತ್ರವಿಟ್ಟು, ಈ ಮನ್ನಣೆಗೆ ಅರ್ಜಿ ಹಾಕಲಿ. ಅಲ್ಲಿಯವರೆಗೆ 181 ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಎಲ್ಲ ತಾಯಂದಿರೂ ನೆನಪಿಟ್ಟುಕೊಳ್ಳಲಿ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಲಿ.

ವೈದ್ಯ ಬಂಧುಗಳಲ್ಲಿಯೂ ಒಂದು ವಿನಂತಿ. ತೈಲ ಕೊಡುವ ಮೊದಲು ಆಕೆಯನ್ನು ಜೊತೆಯವರಿಂದ ಬೇರೆಯಾಗಿ ಕೂರಿಸಿ ಕೇಳಿರಿ. ಗಾಯದ ಸ್ಥಾನ, ಅಳತೆ, ಬಣ್ಣ, ದಿನಾಂಕಗಳನ್ನು ಕಂಡಂತೆಯೇ ಬರೆಯಿರಿ. ಆಕೆ ಹೇಳಿದ್ದನ್ನು ಆಕೆಯ ಮಾತಾಗಿಯೇ ದಾಖಲಿಸಿ, ನಿಮಗೆ ಕಂಡದ್ದನ್ನು ಅದರ ಪಕ್ಕದಲ್ಲಿಯೇ ಬರೆಯಿರಿ. ನಾನು ಅಂದು ಮಾಡದೆ ಬಿಟ್ಟದ್ದು ಇಷ್ಟೇ.